ಗುಡ್ಡ ಕಡಿಯದೆ ಮನೆ ದೊಡ್ಡದಾಯಿತು: ಕಾಸರಗೋಡಿನ ಒಂದು ಪ್ರಕರಣ

ಪೆರ್ಲ ಕಡೆಯ ಒಂದು ಅಡಿಕೆ ತೋಟದ ಮನೆ. ಗೋಡೆ ಮುರಕಲ್ಲಿನದು (ಕೆಂಪು ಜಂಬಿಟ್ಟಿಗೆ ಕಲ್ಲು), ಮಾಡು ಅಂದರೆ ಚಾವಣಿ ಹಂಚಿನದು, ವಯಸ್ಸು ಎಪ್ಪತ್ತರ ಆಸುಪಾಸು. ಹಿಂದೆ ಗುಡ್ಡ, ಮುಂದೆ ಅಂಗಳ, ಅಂಗಳದ ಕೆಳಗೆ ತೋಟ. ಕಾಸರಗೋಡಿನ ಉತ್ತರದ ಪಂಚಾಯತುಗಳಲ್ಲಿ ಇಂಥ ಮನೆಗಳು ಬೇಕಾದಷ್ಟು ಉಂಟು. ಈ ಮನೆಯ ಅಣ್ಣ ತಮ್ಮ ಇಬ್ಬರು ನಮ್ಮ ಆಫೀಸಿಗೆ ಬಂದದ್ದು ಹೊಸ ಮನೆಗೆ ಪ್ಲಾನು ಬರೆಸಲಿಕ್ಕೆ. ಅವರ ಯೋಚನೆ ಸರಳವಾಗಿತ್ತು. ಹಳೆಮನೆ ಕೆಡವುವುದು. ಜಾಗ ಸಾಲದ್ದಕ್ಕೆ ಹಿಂದಿನ ಗುಡ್ಡವನ್ನು ಜೆಸಿಬಿಯಲ್ಲಿ ಕಡಿದು ಮಟ್ಟ ಮಾಡುವುದು. ಅಲ್ಲಿ ಮಾಳಿಗೆ ಇರುವ ಟೆರೇಸು ಮನೆ ಕಟ್ಟುವುದು.

ಕೊನೆಗೆ ಹಾಗೆ ಆಗಲಿಲ್ಲ. ಹಳೆಮನೆ ಇವತ್ತೂ ನಿಂತಿದೆ. ಗುಡ್ಡವೂ ಇದೆ. ಮನೆಯವರಿಗೆ ಬೇಕಾಗಿದ್ದ ಕೋಣೆ, ಬೆಳಕು, ಬಾತ್‌ರೂಮು ಎಲ್ಲ ಸಿಕ್ಕಿದೆ. ಇದು ಹೇಗಾಯಿತು, ಯಾವ ಲೆಕ್ಕದ ಮೇಲೆ ಆಯಿತು, ಎಲ್ಲಿ ಇನ್ನೂ ಸರಿಯಾಗಿಲ್ಲ ಎಂಬುದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕೆಡವುವುದೋ ಉಳಿಸುವುದೋ ಅಂತ ಯೋಚನೆಯಲ್ಲಿರುವ ಮನೆಗಳು ನಮ್ಮ ಕಡೆ ತುಂಬಾ ಇವೆ. ಜೆಸಿಬಿಗೆ ಫೋನು ಮಾಡುವ ಮೊದಲು ಅವರಲ್ಲಿ ಒಬ್ಬರಾದರೂ ಇದನ್ನು ಓದಲಿ ಅಂತ ನನ್ನ ಆಸೆ.

ನಮ್ಮ ಆಫೀಸಿನ ಕೆಲಸ ಎಲ್ಲಿಂದ ಬಂತು

ಮೊದಲು ನಮ್ಮ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ನಾವು ಯಾಕೆ ಹೀಗೆ ಯೋಚನೆ ಮಾಡುತ್ತೇವೆ ಅಂತ ಗೊತ್ತಾಗುವುದಿಲ್ಲ.

ನಮ್ಮದು ಸಣ್ಣ ಆಫೀಸು. ಊರು ಕಾಸರಗೋಡಾದರೂ ಕಲಿತ ಪಾಠದ ಅರ್ಧ ತೆಂಕಣ ಕೇರಳದ್ದು. ಲಾರಿ ಬೇಕರ್ ಅವರ ಹೆಸರು ಕೇಳಿರುತ್ತೀರಿ. 1917ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಹುಟ್ಟಿದವರು. 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆ ಕಟ್ಟಡಗಳ ಕೆಲಸಕ್ಕಾಗಿ ಭಾರತಕ್ಕೆ ಬಂದರು. ಹಿಮಾಲಯದ ಪಿತೋರಗಢದಲ್ಲಿ ಹೆಂಡತಿ ಡಾಕ್ಟರ್ ಎಲಿಜಬೆತ್ ಜೊತೆ ವರ್ಷಗಟ್ಟಲೆ ಇದ್ದು, 1963ರಲ್ಲಿ ಕೇರಳಕ್ಕೆ ಬಂದರು. ಮೊದಲು ವಾಗಮಣ್, ಆಮೇಲೆ ತಿರುವನಂತಪುರ. 1970ರ ದಶಕದ ಶುರುವಿನಲ್ಲಿ ಅವರು ತಿರುವನಂತಪುರದ ಉಳ್ಳೂರಿನಲ್ಲಿ ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕ್ಯಾಂಪಸ್ಸನ್ನು ನೋಡಲು ಈಗಲೂ ವಿದ್ಯಾರ್ಥಿಗಳು ಹೋಗುತ್ತಾರೆ. ಸಾರಣೆ ಇಲ್ಲದ ಇಟ್ಟಿಗೆ ಗೋಡೆ, ಗಾಳಿ ಆಡುವ ಇಟ್ಟಿಗೆ ಜಾಲಿ, ಕಡಿಯದೆ ಬಿಟ್ಟ ಮರಗಳು. 1990ರಲ್ಲಿ ಪದ್ಮಶ್ರೀ ಬಂತು. 2007ರಲ್ಲಿ ತೀರಿಕೊಂಡರು.

ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೆನನ್, ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್, ಟಿ.ಆರ್. ಚಂದ್ರದತ್ತ್ ಇವರೊಂದಿಗೆ ಸೇರಿ ಬೇಕರ್ 1985ರಲ್ಲಿ ತ್ರಿಶೂರಿನಲ್ಲಿ ಕಾಸ್ಟ್‌ಫೋರ್ಡ್ ಎಂಬ ಸಂಸ್ಥೆ ಶುರು ಮಾಡಿದರು. ಬಡವರಿಗೂ ಮಧ್ಯಮ ವರ್ಗದವರಿಗೂ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಮನೆ ಕಟ್ಟುವುದು ಅದರ ಕೆಲಸ. ಅದೇ ಕಾಲದಲ್ಲಿ ಕೊಲ್ಲಂ ಜಿಲ್ಲೆಯಲ್ಲಿ, ಕಡಿಮೆ ಖರ್ಚಿನ ಕಟ್ಟಡ ಕೆಲಸಕ್ಕಾಗಿಯೇ, ಮೊದಲ ನಿರ್ಮಿತಿ ಕೇಂದ್ರವೂ ಹುಟ್ಟಿತು. ಆ ಮಾದರಿ ಆಮೇಲೆ ಬೇರೆ ರಾಜ್ಯಗಳಿಗೂ ಹಬ್ಬಿತು. ಕರ್ನಾಟಕದವರಿಗೆ ತಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರ ಗೊತ್ತೇ ಇರುತ್ತದೆ, ಅಲ್ವಾ? ಅದರ ಮೂಲ ಇಲ್ಲಿದೆ.

ನಮ್ಮ ಹಿರಿಯ ಪಾಲುದಾರರು ಕೆಲಸ ಕಲಿತದ್ದು ತ್ರಿಶೂರಿನ ಕಡೆಯ ಇಂಥ ಸೈಟುಗಳಲ್ಲಿ. ಊರಿಗೆ ವಾಪಸು ಬಂದು ಆಫೀಸು ತೆರೆದಾಗ ಅವರು ತಂದದ್ದು ಬೇಕರ್ ಅವರ ಯೋಚನೆಯನ್ನು. ಜಾಲಿ ಗೋಡೆಯನ್ನು ಅವರು ತರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ. ಆದರ್ಶ ಮನೆಗೆ ಬೇಕಾದ ಸಾಮಾನು ಐದು ಮೈಲಿಯ ಒಳಗೇ ಸಿಗಬೇಕು ಅಂತ ಗಾಂಧೀಜಿ ಹೇಳಿದ್ದನ್ನು ಬೇಕರ್ ಕೊನೆಯವರೆಗೂ ನೆನೆಯುತ್ತಿದ್ದರು. ತಿರುವನಂತಪುರದಲ್ಲಿ ಹತ್ತಿರ ಸಿಗುವುದು ಇಟ್ಟಿಗೆ. ನಮ್ಮಲ್ಲಿ ಸಿಗುವುದು ಮುರಕಲ್ಲು. ಇಲ್ಲಿ ಇಟ್ಟಿಗೆ ಜಾಲಿ ಕಟ್ಟಬೇಕಾದರೆ ಇಟ್ಟಿಗೆಯನ್ನು ದೂರದಿಂದ ಲಾರಿಯಲ್ಲಿ ತರಿಸಬೇಕು. ಮೇಲಾಗಿ ಗುಡ್ಡದ ಬದಿಯ ಮನೆಗೆ ಜೂನ್ ಜುಲೈಯಲ್ಲಿ ಓರೆ ಮಳೆ ಬಡಿಯುತ್ತದೆ, ಜಾಲಿಯಿಂದ ನೀರು ಸೀದಾ ಒಳಗೆ. ಬೇಕರ್ ಅವರ ಮನೆಗಳ ಫೋಟೋ ತಂದು "ಇದೇ ತರ ಮಾಡಿಕೊಡಿ" ಅನ್ನುವವರಿಗೆ ನಾವು ಹೇಳುವುದು ಇದನ್ನೇ: ಬೇಕರ್ ಪೆರ್ಲದಲ್ಲಿ ಕಟ್ಟಿದ್ದರೆ ಮುರಕಲ್ಲಲ್ಲೇ ಕಟ್ಟುತ್ತಿದ್ದರು.

ಬೇಡವಾದದ್ದು ಏನು

ಹೊಸ ಪ್ಲಾನು ಬರೆಯುವ ಮೊದಲು ಹಳೆಮನೆಯನ್ನು ನೋಡುವುದು ನಮ್ಮ ಪದ್ಧತಿ. ಅಣ್ಣನಿಗೆ ಅದು ಇಷ್ಟವಾಗಲಿಲ್ಲ. "ಎಂತ ಭಾವ, ನಿಮಗೂ ಹಳೆಮನೆಯ ಆಸೆಯಾ? ಮಳೆಗಾಲದಲ್ಲಿ ಚಾವಡಿಯಲ್ಲಿ ಬಕೆಟ್ ಇಡುವವರು ನಾವು. ನೋಡಿ ಹೋಗುವವರಿಗೆ ಚಂದ ಕಾಣುತ್ತದೆ" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಹಳೆಮನೆಯನ್ನು ಹೊಗಳುವವರು ಹೆಚ್ಚಾಗಿ ಅಲ್ಲಿ ಇರುವವರಲ್ಲ. ತಮ್ಮನಿಗೆ ಬೆಂಗಳೂರಿನಲ್ಲಿ ಕೆಲಸ, ಅವರಿಗೆ ಮನೆ ಉಳಿಯಬೇಕು ಅಂತ ಒಳಗೊಳಗೆ ಇತ್ತು. ಆದರೆ ಅಣ್ಣನ ಎದುರು ಹೇಳಲಿಲ್ಲ. ಅಲ್ಲಿ ವರ್ಷವಿಡೀ ಇರುವುದು ಅಣ್ಣ ಅತ್ತಿಗೆ ಮತ್ತು ಅಮ್ಮ.

ಅಮ್ಮನನ್ನು ಕೇಳಿದೆವು. "ಹೊಸಮನೆ ಹಳೆಮನೆ ಎಲ್ಲ ನಿಮಗೆ ಬಿಟ್ಟದ್ದು. ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಹೋಗುವುದು ತಪ್ಪಿದರೆ ನನಗೆ ಸಾಕು" ಅಂದರು. ಕಕ್ಕಸು ಹೊರಗೆ, ಕೊಟ್ಟಿಗೆಯ ಆಚೆ ಬದಿಯಲ್ಲಿತ್ತು.

ಆ ದಿನ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ಈ ಮನೆಯಲ್ಲಿ ನಿಮಗೆ ಬೇಡವಾದದ್ದು ಏನೇನು ಅಂತ ಒಂದು ಕಾಗದದಲ್ಲಿ ಬರೆಸಿದೆವು. ಸೋರುವ ಮಾಡು. ಪಕ್ಕಾಸಿಗೆ (ಮಾಡು ಹೊರುವ ಇಳಿಜಾರು ಮರಗಳಿಗೆ) ಹಿಡಿದ ಗೆದ್ದಲು. ಕತ್ತಲೆ ಅಡುಗೆಕೋಣೆ. ಹಿಂದಿನ ಕೋಣೆಯ ಗೋಡೆಯ ಥಂಡಿ. ದೂರದ ಕಕ್ಕಸು. ಮಕ್ಕಳು ರಜೆಗೆ ಬಂದರೆ ಮಲಗಲು ಕೋಣೆ ಇಲ್ಲ. ಮಂಗ ಬಂದು ಹಂಚು ಎಳೆಯುವುದು. ಪಟ್ಟಿ ಮುಗಿದ ಮೇಲೆ ಓದಿ ಹೇಳಿದೆವು. ಗೋಡೆ ಬೇಡ ಅಂತ ಒಬ್ಬರೂ ಬರೆದಿರಲಿಲ್ಲ. ಆದರೆ ಅವರು ತಂದ ಯೋಜನೆಯಲ್ಲಿ ಮೊದಲು ಬೀಳುವುದೇ ಗೋಡೆ. ಅಣ್ಣ ಕಾಗದವನ್ನು ಇಸಿದುಕೊಂಡು ಇನ್ನೊಮ್ಮೆ ಓದಿದರು. "ಆಯಿತು, ಏನು ಮಾಡಬಹುದು ಅಂತ ನೋಡಿ" ಅಂದರು.

ಗೋಡೆ, ಮಾಡು ಮತ್ತು ಥಂಡಿಯ ಕಾರಣ

ಗೋಡೆಯ ದಪ್ಪ ಹದಿನೈದು ಇಂಚು. ಒಳಗೆ ಸುಣ್ಣದ ಸಾರಣೆ, ಹೊರಗೆ ಹಲವು ಕಡೆ ಬರೀ ಕಲ್ಲು. ಕಲ್ಲಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ಕಲ್ಲು ಗಟ್ಟಿ ಸ್ವರ ಕೊಡುತ್ತದೆ. ಒಳಗೆ ಬಿಳಿ ಜೇಡಿ ತುಂಬಿದ ಕಲ್ಲಾದರೆ ಸ್ವರ ಸತ್ತಿರುತ್ತದೆ. ಈ ಮನೆಯಲ್ಲಿ ಮೂರು ಬದಿಯ ಗೋಡೆ ಬಹಳ ಚೆನ್ನಾಗಿತ್ತು. ಮುರಕಲ್ಲಿನ ಗುಣವೇ ಅದು. ನೆಲದಿಂದ ತೆಗೆಯುವಾಗ ಕೊಡಲಿಗೆ ಸಿಗುವಷ್ಟು ಮೆತ್ತಗೆ, ಗಾಳಿ ಬಿಸಿಲಿಗೆ ಬಿಟ್ಟ ಮೇಲೆ ಗಟ್ಟಿ. 1800ರ ಹೊತ್ತಿಗೆ ಮಲಬಾರು, ಕೆನರಾ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಇದನ್ನೇ ನೋಡಿ ಆಶ್ಚರ್ಯಪಟ್ಟು ಬರೆದಿದ್ದ. ಬೇಕಲ ಕೋಟೆ ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಹದಿನೇಳನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಿದ್ದು, ಕಡಲ ಉಪ್ಪು ಗಾಳಿಗೆ ಎದೆಯೊಡ್ಡಿ ಇನ್ನೂ ನಿಂತಿದೆ.

ನಾಲ್ಕನೆಯದು, ಗುಡ್ಡದ ಬದಿಯ ಗೋಡೆ, ಸೊಂಟದೆತ್ತರದವರೆಗೆ ಹಸಿ ಇತ್ತು. "ಮುರಕಲ್ಲು ಅಂದರೆ ಹಾಗೆಯೇ, ನೀರು ಕುಡಿಯುತ್ತದೆ" ಅಂತ ಎಲ್ಲರೂ ಹೇಳುತ್ತಾರೆ. ಕುಡಿಯುವುದು ಹೌದು. ಆದರೆ ನೀರು ಎಲ್ಲಿಂದ ಬಂತು ಅಂತ ನೋಡಬೇಕಲ್ಲ? ಹೊರಗೆ ಹೋಗಿ ಗುದ್ದಲಿ ಹಾಕಿಸಿದೆವು. ಎಷ್ಟೋ ವರ್ಷಗಳಿಂದ ಗುಡ್ಡದ ಮಣ್ಣು ಮಳೆಗೆ ಜಾರಿ ಬಂದು ಗೋಡೆಗೆ ಒರಗಿ ನಿಂತಿತ್ತು. ಅದರ ಕೆಳಗೆ ಹಿಂದಿನವರು ಮಾಡಿದ್ದ ಕಲ್ಲಿನ ಚರಂಡಿ ಹಾಗೇ ಮುಚ್ಚಿಹೋಗಿತ್ತು. ಹಳೆಯ ಮೇಸ್ತ್ರಿಗೆ ಗುಡ್ಡದ ನೀರನ್ನು ಎಲ್ಲಿ ಬಿಡಬೇಕು ಅಂತ ಗೊತ್ತಿತ್ತು. ಮಣ್ಣು ತೆಗೆಯುವ ಕೆಲಸ ಮಾತ್ರ ನಡುವೆ ಎಲ್ಲೋ ನಿಂತುಹೋಗಿದೆ. ಇದರ ಮೇಲೆ, ಯಾರೋ ಒಳಗಿನಿಂದ ಸಿಮೆಂಟಿನ ಸಾರಣೆ ಮಾಡಿಸಿದ್ದರು. ಸುಣ್ಣದ ಸಾರಣೆಯಾಗಿದ್ದರೆ ಗೋಡೆಯ ಹಸಿ ಸ್ವಲ್ಪ ಸ್ವಲ್ಪವೇ ಆರುತ್ತದೆ. ಸಿಮೆಂಟು ಬಾಗಿಲು ಮುಚ್ಚಿದ ಹಾಗೆ. ಹಸಿ ಮೇಲೆ ಏರುತ್ತಾ ಹೋಗಿತ್ತು.

ಮಾಡಿನ ಕತೆಯೂ ಹೀಗೆಯೇ. ಹಂಚು ಮಂಗಳೂರಿನದು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ಬದಲಾದವು. ಈ ಮನೆಯ ಹಂಚುಗಳನ್ನು ಬೆರಳಿನಿಂದ ತಟ್ಟಿ ನೋಡಿದರೆ ಹೆಚ್ಚಿನವು ಗಂಟೆಯಂತೆ ಸ್ವರ ಕೊಟ್ಟವು. ಸೋರುತ್ತಿದ್ದದ್ದು ಮುಖ್ಯವಾಗಿ ಎರಡು ಮಾಡು ಕೂಡುವ ಮೂಲೆಯಲ್ಲಿ. ಅಲ್ಲಿನ ತಗಡು ತುಕ್ಕು ಹಿಡಿದು ತೂತಾಗಿತ್ತು. ಮಾಡಿನ ತುದಿಯ ಹಂಚುಗಳ ಗಾರೆಯೂ ಒಡೆದಿತ್ತು. ಅಲ್ಲಿಂದ ಇಳಿದ ನೀರು ಪಕ್ಕಾಸಿನ ಬುಡಕ್ಕೆ ಬಂದು, ಹಸಿಯಾದ ಮರಕ್ಕೆ ಗೆದ್ದಲು ಹಿಡಿದಿತ್ತು. ಪಟ್ಟಿಯ ಮೊದಲ ಎರಡು ದೂರುಗಳಿಗೆ ಕಾರಣ ಒಂದೇ.

ಗುಡ್ಡದ ಒಳಗೆ

ಇಷ್ಟೇ ಆಗಿದ್ದರೆ ಇದೊಂದು ರಿಪೇರಿ ಕೆಲಸ. ಪ್ರಕರಣದ ನಿಜವಾದ ತಿರುವು ಇರುವುದು ಗುಡ್ಡದಲ್ಲಿ.

ಈ ಮನೆಗೆ ಕುಡಿಯುವ ನೀರು ಸುರಂಗದ್ದು. ಬಾಯಾರು, ಎಣ್ಮಕಜೆ, ಅತ್ತ ಕರ್ನಾಟಕದ ಮಾಣಿಲ ಕಡೆಯವರಿಗೆ ಸುರಂಗ ಹೊಸತಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಗುಡ್ಡದ ಬದಿಯಿಂದ ಒಳಗೆ ಅಡ್ಡಕ್ಕೆ ಕೊರೆದ ದಾರಿ ಅದು. ಒಬ್ಬ ಮನುಷ್ಯ ಪಿಕಾಸಿ ಹಿಡಿದು ಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ಮಳೆ ನೀರು ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗಿನ ಮೆತ್ತನೆ ಮಣ್ಣಿನ ಪದರದ ಹತ್ತಿರ ನಿಲ್ಲುತ್ತದೆ. ಸುರಂಗ ಅಲ್ಲಿಗೆ ತಲುಪಿದರೆ ನೀರು ಒಸರಿ, ತಾನಾಗಿಯೇ ಹೊರಗೆ ಹರಿದು ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಅದನ್ನು ಹಿಂದಿನವರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಮನೆಗೂ ತೋಟಕ್ಕೂ ತರುತ್ತಿದ್ದರು. ಈಗ ಪೈಪು.

ಸುರಂಗದ ಬಾಯಿ ಮನೆಯಿಂದ ಸ್ವಲ್ಪ ಆಚೆ ಇತ್ತು. ಹಾಗಾಗಿ ಗುಡ್ಡ ಕಡಿದರೆ ಅದಕ್ಕೆ ಏನೂ ಆಗುವುದಿಲ್ಲ ಅಂತ ಅಣ್ಣನ ನಂಬಿಕೆ. ಅಮ್ಮ ಮಾತ್ರ, "ಅದು ಸೀದಾ ಹೋಗುವುದಿಲ್ಲ, ಒಳಗೆ ತಿರುಗುತ್ತದೆ. ತೆಗೆಯುವಾಗ ಬಂಡೆ ಸಿಕ್ಕಿತ್ತಂತೆ, ನಿಮ್ಮ ಅಜ್ಜ ಹೇಳುತ್ತಿದ್ದರು" ಅಂದರು.

ನಾವು ಟಾರ್ಚು, ಟೇಪು, ದಿಕ್ಸೂಚಿ ಹಿಡಿದು ಒಳಗೆ ಹೋದೆವು. ನಮ್ಮ ಮುಂದೆ ಸುರಂಗದ ಕೆಲಸ ಗೊತ್ತಿದ್ದ ಒಬ್ಬ ಹಿರಿಯರು. ಪಾದ ಮುಳುಗುವಷ್ಟು ತಣ್ಣಗಿನ ನೀರು. ಗೋಡೆಯಲ್ಲಿ ಪಿಕಾಸಿಯ ಗುರುತು ಒಂದರ ಪಕ್ಕ ಒಂದು, ನಿನ್ನೆ ಕಡಿದಷ್ಟು ಸ್ಪಷ್ಟ. ಸ್ವಲ್ಪ ಹೋದ ಮೇಲೆ ಅಮ್ಮ ಹೇಳಿದ ಬಂಡೆ ಸಿಕ್ಕಿತು. ಸುರಂಗ ಅಲ್ಲಿ ಬಲಕ್ಕೆ, ಅಂದರೆ ಮನೆಯ ಹಿಂಬದಿಗೆ ತಿರುಗಿತ್ತು. ತಿರುವಿನಿಂದ ಮುಂದೆ ಅಳತೆ ಹಿಡಿದು, ಹೊರಗೆ ಬಂದು ಅದೇ ಅಳತೆಯನ್ನು ಗುಡ್ಡದ ಮೇಲೆ ಗೂಟ ಹೊಡೆದು ಗುರುತು ಮಾಡಿದೆವು. ಕಡಿಯಬೇಕು ಅಂತ ಅಂದುಕೊಂಡಿದ್ದ ಗೆರೆಗೂ ಸುರಂಗಕ್ಕೂ ನಡುವೆ ಉಳಿದದ್ದು ಕೈ ಚಾಚಿದಷ್ಟು ಜಾಗ. ಜೆಸಿಬಿ ಬಂದಿದ್ದರೆ ಸುರಂಗ ಕುಸಿಯುತ್ತಿತ್ತು, ಇಲ್ಲವೇ ಬಾಯಿ ತೆರೆದು ನೀರು ಬೇರೆ ಕಡೆ ಹೋಗುತ್ತಿತ್ತು. ಅಣ್ಣ ಆ ಗೂಟಗಳನ್ನು ನೋಡುತ್ತಾ ತುಂಬಾ ಹೊತ್ತು ನಿಂತರು. ಗುಡ್ಡ ಕಡಿಯುವ ಮಾತು ಅಲ್ಲಿಗೆ ಮುಗಿಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಾಸರಗೋಡಿನಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆದರೂ ಏಪ್ರಿಲ್ ಮೇ ಬಂದರೆ ಎಷ್ಟೋ ಕಡೆ ನೀರಿಗೆ ತತ್ವಾರ. ಬಿದ್ದ ಮಳೆಯನ್ನು ಬೇಸಗೆಯವರೆಗೆ ಹಿಡಿದಿಡುವುದು ಈ ಮುರಕಲ್ಲಿನ ಗುಡ್ಡಗಳೇ. ನಾವು ಮನೆ ಕಟ್ಟುವ ಕಲ್ಲನ್ನೂ ಅದೇ ಗುಡ್ಡಗಳಿಂದ ಕಡಿಯುತ್ತೇವೆ. ಹಿಂದೆ ಕೈಯಲ್ಲಿ ಕಡಿಯುವಾಗ ಒಂದು ಮನೆಗೆ ಒಂದು ಸಣ್ಣ ಹೊಂಡ ಆಗುತ್ತಿತ್ತು. ಈಗ ಮಿಷನ್ನಿನ ಗರಗಸ ಬಂದು ನೋಡುನೋಡುತ್ತಿದ್ದಂತೆ ಗುಡ್ಡದ ತಲೆ ಹಾರಿಹೋಗುತ್ತದೆ. ಕಲ್ಲು ತೆಗೆದ ಮೇಲೆ ಉಳಿಯುವ ಜಾಗದಲ್ಲಿ ನೀರು ಇಂಗುವ ಪದರವೇ ಇರುವುದಿಲ್ಲ. ಹಾಗಾಗಿ, ಗಟ್ಟಿಯಾಗಿರುವ ಮುರಕಲ್ಲಿನ ಗೋಡೆ ಕೆಡವುವುದು ನನಗೆ ಬರೀ ಹಳೆಮನೆಯ ನಷ್ಟ ಅಂತ ಕಾಣುವುದಿಲ್ಲ. ಆ ಕಲ್ಲಿಗಾಗಿ ಇನ್ನೆಲ್ಲೋ ಒಂದು ಗುಡ್ಡದ ನೀರು ಹೋಗುತ್ತದೆ. ಮುರಕಲ್ಲು ಊರಿನ ಕಲ್ಲು, ಪರಿಸರಕ್ಕೆ ಒಳ್ಳೆಯದು ಅಂತ ಹೇಳಿ ಹೊಸ ಹೊಸ ಕೋರೆ ತೆರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹತ್ತಿರ ಸಿಗುತ್ತದೆ ಅನ್ನುವ ಕಾರಣಕ್ಕೆ ಅದು ಮುಗಿಯದ ವಸ್ತು ಆಗುವುದಿಲ್ಲ.

ಹೊಸ ಪ್ಲಾನು

ತೀರ್ಮಾನ ಹೀಗಾಯಿತು. ಹೊರಗಿನ ಗೋಡೆ ಎಲ್ಲ ಉಳಿಯುತ್ತದೆ. ಮಾಡನ್ನು ಪೂರ್ತಿ ಬಿಚ್ಚಿ ಪುನಃ ಕಟ್ಟುವುದು. ಅಡುಗೆಕೋಣೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲಿ ಅಗಲದ ಕಂಡಿ ಮಾಡುವುದು. ತೋಟದ ಬದಿಯಲ್ಲಿ, ಹಳೆಯ ಕೊಟ್ಟಿಗೆ ಇದ್ದ ಜಾಗದಲ್ಲಿ, ಒಂದು ಮಲಗುವ ಕೋಣೆ ಮತ್ತು ಎರಡು ಬಾತ್‌ರೂಮು ಹೊಸದಾಗಿ ಕಟ್ಟಿ ಮುಚ್ಚಿದ ಜಗಲಿಯಿಂದ ಮನೆಗೆ ಸೇರಿಸುವುದು. ದನ ಸಾಕುವುದು ನಿಲ್ಲಿಸಿ ವರ್ಷಗಳಾಗಿದ್ದವು, ಕೊಟ್ಟಿಗೆ ಸುಮ್ನೆ ಸೌದೆ ಇಡುವ ಜಾಗವಾಗಿತ್ತು.

ಕಕ್ಕಸಿನ ಗುಂಡಿಯ ಜಾಗಕ್ಕೆ ನಾವು ಹೆಚ್ಚು ತಲೆ ಖರ್ಚು ಮಾಡಿದೆವು. ಕೇರಳದ ಕಟ್ಟಡ ನಿಯಮದ ಪ್ರಕಾರ ಇಂಗು ಗುಂಡಿ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರ ಇರಬೇಕು. ಆದರೆ ಮುರಕಲ್ಲಿನಲ್ಲಿ ನೀರು ತೂತಿನಿಂದ ತೂತಿಗೆ ಓಡುತ್ತದೆ, ದೂರವನ್ನು ಮಾತ್ರ ನಂಬುವಂತಿಲ್ಲ. ಇಳಿಜಾರು ಯಾವ ಕಡೆ ಅಂತ ನೋಡಬೇಕು. ಸುರಂಗ ಮನೆಯ ಮೇಲ್ಬದಿಗೆ ಇದೆ, ಗುಂಡಿಯನ್ನು ಕೆಳಬದಿಗೆ, ನಿಯಮಕ್ಕಿಂತ ತುಂಬಾ ಜಾಸ್ತಿ ದೂರದಲ್ಲಿ ಇಟ್ಟೆವು. ಕೆಳಗಿನ ಮನೆಯವರ ಬಾವಿ ಎಲ್ಲಿದೆ ಅಂತಲೂ ಹೋಗಿ ನೋಡಿ ಬಂದೆವು. ಇದನ್ನು ಪ್ಲಾನು ಬರೆಯುವವರು ಎಷ್ಟು ಜನ ಮಾಡುತ್ತಾರೋ, ಮಾಡಲೇಬೇಕಾದ ಕೆಲಸ ಇದು.

ಕೆಲಸ ನಡೆದ ರೀತಿ

ಅಡಿಕೆ ಕೊಯ್ಲಿನ ಗಡಿಬಿಡಿ ಸ್ವಲ್ಪ ಇಳಿದ ಮೇಲೆ ಕೆಲಸ ಶುರು. ಜೂನ್ ಒಂದಕ್ಕೆ ಮಳೆ ಅಂತ ಲೆಕ್ಕ ಹಿಡಿದರೆ ಅದಕ್ಕೆ ಮೊದಲು ಮಾಡು ಕೂರಲೇಬೇಕು.

ಮೊದಲು ಹಿಂಬದಿಯ ಮಣ್ಣು. ಗುದ್ದಲಿ ಬುಟ್ಟಿಯಲ್ಲೇ ತೆಗೆಸಿದೆವು. ಗೋಡೆಗೂ ಗುಡ್ಡಕ್ಕೂ ನಡುವೆ ಒಬ್ಬರು ಆರಾಮವಾಗಿ ನಡೆಯುವಷ್ಟು ಜಾಗ ಬಿಟ್ಟು, ಹಳೆಯ ಚರಂಡಿಯನ್ನೇ ಅಗಲ ಮಾಡಿ ತೋಟದ ಕಡೆಗೆ ಇಳಿಜಾರು ಕೊಟ್ಟೆವು. ಗುಡ್ಡದ ಬದಿಗೆ ಕೊಟ್ಟಿಗೆಯ ಕಲ್ಲುಗಳಿಂದಲೇ ಸಿಮೆಂಟು ಇಲ್ಲದ ಕಟ್ಟೆ. ಸಂದಿಗಳಿಂದ ನೀರು ಹೊರಗೆ ಬರಲಿ ಅಂತ. ಒಳಗಿನ ಸಿಮೆಂಟು ಸಾರಣೆಯನ್ನು ಕೆತ್ತಿ ತೆಗೆದು ಗೋಡೆಯನ್ನು ಬೇಸಗೆ ಪೂರ್ತಿ ಹಾಗೇ ಬಿಟ್ಟೆವು. ಆರಿದ ಮೇಲೆ ಸುಣ್ಣದ ಸಾರಣೆ. ಸುಣ್ಣದ ಕೆಲಸ ಗೊತ್ತಿರುವವರು ಸಿಗುವುದು ಈಗ ಕಷ್ಟ. ಸಿಕ್ಕ ಮೇಸ್ತ್ರಿ ವಯಸ್ಸಾದವರು. ಅವರ ಹತ್ತಿರ ಇಬ್ಬರು ಹುಡುಗರನ್ನು ಬಿಟ್ಟೆವು, ಅವರ ಸಂಬಳ ಆಫೀಸಿನದ್ದು. ಈ ಕೆಲಸದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಖರ್ಚು ಅದೇ.

ಗೋಡೆಯಲ್ಲಿ ಕಂಡಿ ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನ ಕಡೆ ಹೆದರಿ ಬಿಡುವುದೋ, ಧೈರ್ಯ ಮಾಡಿ ಗೋಡೆಯನ್ನೇ ಬೀಳಿಸುವುದೋ ಇದೇ ಜಾಗದಲ್ಲಿ. ಮಾಡಿನ ಭಾರ ಇಳಿದ ಮೇಲೆಯೇ ಗೋಡೆಗೆ ಕೈ ಹಾಕಿದೆವು. ಎರಡೂ ಬದಿ ಗಟ್ಟಿ ಕಂಬಗಳ ಆಸರೆ ಕೊಟ್ಟೆವು. ಕಂಡಿಯ ಮೇಲೆ ಬರಬೇಕಾದ ಕಾಂಕ್ರೀಟು ತೊಲೆಯನ್ನು ಒಂದೇ ಸಲ ಕೂರಿಸಲಿಲ್ಲ. ಗೋಡೆಯ ದಪ್ಪದ ಅರ್ಧವನ್ನು ಮಾತ್ರ ಒಂದು ಬದಿಯಿಂದ ಕೆತ್ತಿ, ಆ ಕೊರಕಲಿನಲ್ಲಿ ಮೊದಲ ತೊಲೆ ಕೂರಿಸಿ, ಮೇಲಿನ ಸಂದಿಗೆ ಗಾರೆ ಗಿಡಿದು ತುಂಬಿದೆವು. ಅದು ಗಟ್ಟಿಯಾಗುವವರೆಗೆ ಕಾದು, ಇನ್ನೊಂದು ಬದಿಯಿಂದ ಉಳಿದ ಅರ್ಧ ಕೆತ್ತಿ ಎರಡನೇ ತೊಲೆ. ಎರಡೂ ಭಾರ ಹೊತ್ತ ಮೇಲೆಯೇ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ತೆಗೆದದ್ದು. ಮೇಲಿನ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕು ಬರಲಿಲ್ಲ. ತೆಗೆದ ಕಲ್ಲು ಹೊಸ ಕೋಣೆಗೆ ಹೋಯಿತು.

ಹಂಚು ಇಳಿಸಿ, ತೊಳೆದು, ತಟ್ಟಿ, ಬೇರೆ ಬೇರೆ ಮಾಡಿದೆವು. ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಸಾಲದೆ ಬಂದದ್ದನ್ನು ಹತ್ತಿರದಲ್ಲಿ ಕೆಡವಿದ ಇನ್ನೊಂದು ಮನೆಯಿಂದ ತಂದೆವು. ಮರದ ವಿಷಯದಲ್ಲಿ ಮನೆಯವರ ಜೊತೆ ಚರ್ಚೆಯಾಯಿತು. ನಮಗೆ ಎಲ್ಲ ಕಡೆ ಮರವೇ ಇರಲಿ ಅಂತ. ಅತ್ತಿಗೆಗೆ ಇನ್ನು ಗೆದ್ದಲಿನ ಕಾಟವೇ ಬೇಡ ಅಂತ. ಮುಂದಿನ ಚಾವಡಿ, ಜಗಲಿಯಲ್ಲಿ ಚೆನ್ನಾಗಿದ್ದ ಹಳೆಯ ಹಲಸಿನ ಪಕ್ಕಾಸುಗಳು ಉಳಿದವು. ಹಿಂಬದಿಗೆ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಪಕ್ಕಾಸು, ಹಂಚು ಕೂರುವ ಅಡ್ಡ ರೀಪು. ನೋಡಲು ಅಷ್ಟು ಚಂದ ಇಲ್ಲ. ಆದರೆ ದಿನಾ ಗುಡಿಸುವವರ ಮಾತಿಗೆ ತೂಕ ಜಾಸ್ತಿ ಇರಬೇಕು, ಅಲ್ವಾ? ಮಾಡಿನ ಅಂಚನ್ನು ಮೊದಲಿನಂತೆಯೇ ಗೋಡೆಯಿಂದ ಹೊರಗೆ ಚಾಚಿಸಿದೆವು. ಮುರಕಲ್ಲಿನ ಗೋಡೆಗೆ ನಿಜವಾದ ಕೊಡೆ ಅದು. ಬೆಳಕಿಗಾಗಿ ಅಡುಗೆಕೋಣೆಯ ಮೇಲೆ ಅಲ್ಲಲ್ಲಿ ಗಾಜಿನ ಹಂಚು.

ಹೊಸ ಕೋಣೆಯ ಮೇಲೆ ಅಣ್ಣನಿಗೆ ಟೆರೇಸು ಬೇಕೇ ಬೇಕಿತ್ತು, ಅಡಿಕೆ ಒಣಗಿಸಲಿಕ್ಕೆ. ಅದಕ್ಕೆ ಬೇಕರ್ ಅವರು ಚಾಲ್ತಿಗೆ ತಂದ ಫಿಲ್ಲರ್ ಸ್ಲ್ಯಾಬ್ ಹಾಕಿದೆವು. ಸ್ಲ್ಯಾಬಿನ ಮೇಲಿನ ಭಾಗದ ಕಾಂಕ್ರೀಟು ಒತ್ತಡ ಹೊರುತ್ತದೆ. ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿ ಸರಳುಗಳ ನಡುವಿನ ಕಾಂಕ್ರೀಟು ಬರೀ ಭಾರ. ಆ ಜಾಗದಲ್ಲಿ ಎರಡೆರಡು ಹಂಚುಗಳನ್ನು ಒಂದರ ಮೇಲೊಂದು ಇಟ್ಟು ವಾರ್ಪು ಮಾಡಿದರೆ ಕಾಂಕ್ರೀಟು ಉಳಿಯುತ್ತದೆ, ಸ್ಲ್ಯಾಬು ಹಗುರವಾಗುತ್ತದೆ, ಹಂಚಿನೊಳಗಿನ ಗಾಳಿಯಿಂದ ಕೋಣೆಯ ಸೆಕೆಯೂ ಸ್ವಲ್ಪ ಇಳಿಯುತ್ತದೆ. ಮಾಡಿಗೆ ಆಗದ, ಅಂಚು ಸ್ವಲ್ಪ ಮುರಿದ ಹಂಚುಗಳೆಲ್ಲ ಇಲ್ಲಿ ಬಳಕೆಯಾದವು. ಅಡಿಕೆಗೆ ಒಂದು ಪಾರದರ್ಶಕ ಶೀಟಿನ ಮಾಡು ಆಮೇಲೆ ಬಂತು.

ಕೊಟ್ಟಿಗೆಯ ಕಲ್ಲು, ಕಂಡಿಯ ಕಲ್ಲು ಎಲ್ಲ ಸೇರಿಸಿದರೂ ಸ್ವಲ್ಪ ಹೊಸ ಕಲ್ಲು ಬೇಕಾಯಿತು. ಭಾರತೀಯ ಮಾನಕ 3620ರಲ್ಲಿ ಮುರಕಲ್ಲಿಗೆ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್ ಇರಬೇಕು, ನೀರು ಹೀರುವುದು ತೂಕದ 12 ಶೇಕಡಕ್ಕಿಂತ ಜಾಸ್ತಿ ಇರಬಾರದು ಅಂತ ಇದೆ. ಕಲ್ಲನ್ನು ಕೋರೆಯಿಂದ ತಂದು ಕೂಡಲೇ ಕಟ್ಟದೆ, ಬಯಲಲ್ಲಿ ಆರಲು ಬಿಟ್ಟು, ತಟ್ಟಿ ನೋಡಿ, ಜೇಡಿ ಇದ್ದದ್ದನ್ನು ವಾಪಸು ಕಳಿಸಿದೆವು.

ಸೈಟಿನ ಭಾಷೆಯ ಬಗ್ಗೆಯೂ ಒಂದು ಮಾತು. ಪಂಚಾಯತಿನ ಪರ್ಮಿಟಿನ ಕಾಗದ ಮಲಯಾಳದಲ್ಲಿ, ಮೇಸ್ತ್ರಿಯ ಮಾತು ತುಳುವಿನಲ್ಲಿ, ಮನೆಯವರದು ಹವ್ಯಕ ಕನ್ನಡ, ಕಾಂಕ್ರೀಟಿನ ಕೆಲಸಕ್ಕೆ ಬಂದವರು ಬಂಗಾಳದವರು. 1956ರ ನವೆಂಬರ್ 1ಕ್ಕೆ ಈ ತಾಲೂಕು ಕೇರಳಕ್ಕೆ ಸೇರಿದ ಮೇಲೆ ನಮ್ಮ ಬದುಕೇ ಹೀಗೆ. ನಾವು ಪ್ಲಾನಿನ ಒಂದು ಪ್ರತಿಯನ್ನು ಯಾವಾಗಲೂ ಕನ್ನಡದಲ್ಲಿ ಬರೆದು ಮನೆಯವರಿಗೆ ಕೊಡುತ್ತೇವೆ. ಕೋಣೆಯ ಹೆಸರು, ಅಳತೆ, ಚರಂಡಿ, ಗುಂಡಿ, ಪೈಪು ಎಲ್ಲ. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಓದಿಯೇ, ಬಾತ್‌ರೂಮಿನ ಬಾಗಿಲು ತೆರೆಯುವ ದಿಕ್ಕು ಬದಲಾಯಿಸಬೇಕು ಅಂತ ಹೇಳಿದ್ದು. ಅವರು ಹೇಳಿದ್ದೇ ಸರಿ ಇತ್ತು. ತಮ್ಮದೇ ಮನೆಯ ಪ್ಲಾನನ್ನು ಓದಲಾಗದೆ ಸಹಿ ಹಾಕುವವರನ್ನು ನೋಡಿದರೆ ನನಗೆ ನೋವಾಗುತ್ತದೆ.

ಮಳೆಗಾಲದ ನಂತರ

ಹೊಸಮನೆಗೆ ಹಾಕಿದ್ದ ಅಂದಾಜಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಖರ್ಚಾಯಿತು. ರಿಪೇರಿ ಅಂದರೆ ತೀರಾ ಅಗ್ಗ ಅಂತ ಯಾರಿಗೂ ನಾವು ಹೇಳುವುದಿಲ್ಲ, ಹೇಳಬಾರದು. ಬಿಚ್ಚುವುದು, ತೊಳೆಯುವುದು, ಕೆತ್ತುವುದು ಎಲ್ಲ ಕೈಕೆಲಸ, ಸಮಯ ಹಿಡಿಯುತ್ತದೆ. ಆದರೆ ಸಿಮೆಂಟು ಕಬ್ಬಿಣದ ಅಂಗಡಿಗೆ ಹೋಗುವ ದುಡ್ಡಿನ ದೊಡ್ಡ ಪಾಲು ಇಲ್ಲಿ ಕೆಲಸದವರ ಕೈಗೆ ಹೋಯಿತು. ಅದರಲ್ಲಿ ಹೆಚ್ಚಿನವರು ಆಸುಪಾಸಿನವರು.

ಮೊದಲ ಮಳೆಗಾಲದಲ್ಲಿ ಚಾವಡಿಗೆ ಬಕೆಟ್ ಬರಲಿಲ್ಲ. ಹಿಂದಿನ ಗೋಡೆಯ ಬುಡದಲ್ಲಿ ಸ್ವಲ್ಪ ಹಸಿ ಉಳಿದಿತ್ತು, ಎರಡನೇ ವರ್ಷ ಅದೂ ಇಳಿಯಿತು. ಚರಂಡಿಗೆ ಬಿದ್ದ ಮಣ್ಣು, ಎಲೆಯನ್ನು ಪತ್ತನಾಜೆಯ (ಮೇ ಕೊನೆಯ) ಆಸುಪಾಸಿನಲ್ಲಿ ಒಮ್ಮೆ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಮ್ಮೆ ತೆಗೆಯಬೇಕು ಅಂತ ಅಣ್ಣನಿಗೆ ಬರೆದು ಕೊಟ್ಟಿದ್ದೇವೆ. ಅವರು ಅದನ್ನು ಅಡುಗೆಕೋಣೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರೆ. ಸುರಂಗದ ನೀರು ಬೇಸಗೆಯಲ್ಲಿ ಮೊದಲಿನಷ್ಟೇ ಬರುತ್ತಿದೆ.

ಪಟ್ಟಿಯಲ್ಲಿ ಬಾಕಿ ಇರುವುದು ಮಂಗ. ಇದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರ ಇಲ್ಲ. ತೋಟದ ಬದಿಯ ಮಾಡಿನ ಮೇಲೆ ಹಾರುವಾಗ ಹಂಚು ಜಾರುತ್ತದೆ, ಕೆಲವು ಒಡೆಯುತ್ತವೆ. ಈ ಕಡೆ ಜನ ಹಂಚು ಬಿಟ್ಟು ಶೀಟಿಗೆ ಹೋಗುವುದಕ್ಕೆ ಇದು ದೊಡ್ಡ ಕಾರಣ. ಹಂಚನ್ನು ಪ್ರೀತಿಸುವ ನಮ್ಮಂಥವರು ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕುವ ಹಾಗಿಲ್ಲ. ಮಂಗಳೂರು ಹಂಚಿನ ಅಡಿಯಲ್ಲಿ ರೀಪಿಗೆ ಸಿಕ್ಕಿಕೊಳ್ಳುವ ಮೂಗಿನ ಹತ್ತಿರ ತಂತಿ ಕಟ್ಟಲು ಒಂದು ಸಣ್ಣ ತೂತು ಇರುತ್ತದೆ. ಗಾಳಿ ಜಾಸ್ತಿ ಇರುವ ಕಡೆಗೆ ಅಂತ ಮಾಡಿದ್ದು, ಈಗ ಹೆಚ್ಚಿನವರು ಬಳಸುವುದಿಲ್ಲ. ಈ ಬೇಸಗೆಯಲ್ಲಿ ಅಂಚಿನ ಮೂರು ಸಾಲು ಹಂಚುಗಳನ್ನು ಆ ತೂತಿನಿಂದ ತಾಮ್ರದ ತಂತಿಯಲ್ಲಿ ರೀಪಿಗೆ ಕಟ್ಟಿದ್ದೇವೆ. ಮಾಡಿಗೆ ಚಾಚಿದ್ದ ಎರಡು ಹಲಸಿನ ಕೊಂಬೆಗಳನ್ನು ಅಣ್ಣ ಕಡಿಸಿದ್ದಾರೆ. ಜಾರುವುದು ನಿಂತರೆ ಉಳಿದ ಬದಿಗೂ ಹಾಗೆಯೇ ಕಟ್ಟಿಸುತ್ತೇವೆ.